ತಾರೀಖಿಲ್ಲದ ಸೆರೆ



ಕಳ್ಳತನ ಮಾಡಿ ಸಿಕ್ಕಿಬಿದ್ದವನಿಗೂ ನ್ಯಾಯಾಲಯ ಒಂದು ಲೆಕ್ಕ ಹೇಳುತ್ತದೆ. ಎರಡು ವರ್ಷವೋ, ಮೂರು ವರ್ಷವೋ. ಅವನ ಹೆಂಡತಿ ಗೋಡೆಯ ಕ್ಯಾಲೆಂಡರ್ ನೋಡಿ ತಿಂಗಳುಗಳನ್ನು ಎಣಿಸುತ್ತಾಳೆ. ಅಪ್ಪ ಯಾವಾಗ ಬರುತ್ತಾರೆ ಎಂದು ಮಗು ಕೇಳಿದರೆ, ಬರುವ ರಮಝಾನ್ ಕಳೆದ ಮೇಲೆ ಎಂದಾದರೂ ಹೇಳಬಹುದು. ಆದರೆ ಯಾವ ಶಿಕ್ಷೆಯನ್ನೂ ವಿಧಿಸದೆ, 'ನಿನ್ನನ್ನು ನಿನ್ನ ದೇಶಕ್ಕೆ ಕಳುಹಿಸುವ ತನಕ ಇಲ್ಲಿರು' ಎಂದು ಕೂಡಿ ಹಾಕಿದವನ ಹೆಂಡತಿ ಏನನ್ನು ಎಣಿಸಬೇಕು? ಅವನನ್ನು ಯಾವ ದೇಶವೂ ತನ್ನವನೆಂದು ಒಪ್ಪದಿದ್ದರೆ ಆ ಮಗುವಿಗೆ ಏನು ಉತ್ತರ ಕೊಡಬೇಕು?

ಇದು ವಕೀಲರು ಚರ್ಚಿಸಬೇಕಾದ ವಿಷಯ, ನಮಗೇಕೆ ಎಂದು ನೀವು ಕೇಳಬಹುದು. ಹಾಗೆಂದು ಬಿಟ್ಟುಬಿಡುವಂತಿಲ್ಲ. ಬಂಧಿತರಲ್ಲಿ ಹೆಂಗಸರಿದ್ದಾರೆ, ತಾಯಂದಿರ ಜೊತೆ ಒಳಗೆ ಹೋದ ಮಕ್ಕಳಿದ್ದಾರೆ. ಹೊರಗಡೆ ಕೋರ್ಟು, ಠಾಣೆ ಎಂದು ಅಲೆಯುವವರಲ್ಲೂ ಹೆಂಗಸರೇ ಬಹಳ.

ಮೊದಲು ವಿಷಯವನ್ನು ಸರಳವಾಗಿ ಹೇಳುತ್ತೇನೆ. ಗಡಿಪಾರಿಗೆ ಮೊದಲು ಮಾಡುವ ಬಂಧನವನ್ನು ಕಾನೂನು ಶಿಕ್ಷೆ ಎಂದು ಕರೆಯುವುದಿಲ್ಲ. ಆ ವ್ಯಕ್ತಿ ತಪ್ಪಿಸಿಕೊಂಡು ಹೋಗದಂತೆ, ಪ್ರಯಾಣದ ಏರ್ಪಾಡು ಆಗುವ ತನಕ ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು ಅಷ್ಟೇ ಅದರ ಉದ್ದೇಶ. ಏರ್ಪಾಡು ಎಂದರೆ ಏನು? ಆತನ ಬಳಿ ಪ್ರಯಾಣದ ದಾಖಲೆ ಇರಬೇಕು, ಆ ಕಡೆಯ ದೇಶ 'ಇವನು ನಮ್ಮವನು, ಕಳುಹಿಸಿ' ಎನ್ನಬೇಕು, ಟಿಕೆಟ್ ಸಿಗಬೇಕು. ಇವು ಸಾಧ್ಯವಿದ್ದರೆ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳ ಕೆಲಸ. ಸಾಧ್ಯವೇ ಇಲ್ಲದಿದ್ದರೆ? ಕಳುಹಿಸಲಾಗದವನನ್ನು ಕಳುಹಿಸುವ ಸಲುವಾಗಿ ಹಿಡಿದಿಟ್ಟುಕೊಂಡಿದ್ದೇವೆ ಎನ್ನುವುದರಲ್ಲಿ ಅರ್ಥವಿದೆಯೇ? ಎಲ್ಲ ತಕರಾರು ಇರುವುದು ಇಲ್ಲಿಯೇ.

ಮದ್ರಸದಲ್ಲಿ ಹುಡುಗಿಯರಿಗೆ ಈಲಾದ ಪಾಠ ಹೇಳುವಾಗಲೆಲ್ಲಾ ನನಗೆ ಈ ವಿಷಯ ನೆನಪಾಗುತ್ತದೆ. ಹೆಂಡತಿಯ ಬಳಿ ಹೋಗುವುದಿಲ್ಲವೆಂದು ಆಣೆ ಹಾಕಿದ ಗಂಡನಿಗೆ ನಾಲ್ಕು ತಿಂಗಳ ಗಡುವು. ಅಷ್ಟರೊಳಗೆ ಆತ ಮರಳಬೇಕು, ಇಲ್ಲವಾದರೆ ಆಕೆಗೆ ಬಿಡುಗಡೆ. ಅತ್ತ ಹೆಂಡತಿಯೂ ಅಲ್ಲ, ಇತ್ತ ವಿಚ್ಛೇದಿತೆಯೂ ಅಲ್ಲ ಎಂಬಂತೆ ಹೆಣ್ಣನ್ನು ನೇತುಹಾಕಿ ಬಿಡಬಾರದು ಎಂಬುದೇ ಅದರ ತಿರುಳು. ಇದ್ದತ್‌ಗೂ ಲೆಕ್ಕವಿದೆ. ಗಂಡ ತೀರಿಕೊಂಡವಳಿಗೆ ನಾಲ್ಕು ತಿಂಗಳು ಹತ್ತು ದಿನ. ಕಾಯುವುದು ಯಾವಾಗಲೂ ಕಷ್ಟವೇ. ಆದರೆ ಬೆರಳಲ್ಲಿ ಎಣಿಸಬಹುದಾದ ಕಾಯುವಿಕೆ ಬೇರೆ, ಕೊನೆಯಿಲ್ಲದ್ದು ಬೇರೆ. ಇದನ್ನು ನಮ್ಮ ಹೆಣ್ಣುಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ.

ಈಗ ಅಸ್ಸಾಮಿಗೆ ಬನ್ನಿ. 2019ರ ಆಗಸ್ಟ್ 31ರಂದು ಪ್ರಕಟವಾದ ಎನ್‌ಆರ್‌ಸಿ ಪಟ್ಟಿಯಿಂದ 19,06,657 ಮಂದಿ ಹೊರಗುಳಿದದ್ದು ನಿಮಗೆ ನೆನಪಿರಬಹುದು. ಆದರೆ ಬಂಧನದ ಕಥೆ ಅದಕ್ಕೂ ಹಳೆಯದು. ಗೋಲ್ಪಾರಾ, ಕೊಕ್ರಝಾರ್, ಸಿಲ್ಚರ್, ದಿಬ್ರುಗಢ, ಜೋರ್ಹಾಟ್, ತೇಜ್‌ಪುರ ಹೀಗೆ ಆರು ಜೈಲುಗಳ ಒಳಗೇ ಒಂದು ಭಾಗವನ್ನು ವಿದೇಶೀಯರ ಬಂಧನ ಕೇಂದ್ರವೆಂದು ಮಾಡಲಾಗಿತ್ತು. ವಿದೇಶೀಯರ ನ್ಯಾಯಮಂಡಳಿ ಯಾರನ್ನು 'ವಿದೇಶಿ' ಎಂದು ಘೋಷಿಸುತ್ತದೋ ಅವರು ಅಲ್ಲಿಗೆ. ಈ ಮಂಡಳಿಯ ಮುಂದೆ ಸರಕಾರ ಏನನ್ನೂ ಸಾಬೀತು ಮಾಡಬೇಕಾಗಿಲ್ಲ. ತಾನು ಭಾರತೀಯ ಎಂದು ಆ ವ್ಯಕ್ತಿಯೇ ಸಾಬೀತು ಮಾಡಬೇಕು. ಅದೂ 1971ರ ಮಾರ್ಚ್ 25ಕ್ಕಿಂತ ಹಿಂದಿನ ಮತದಾರರ ಪಟ್ಟಿಯಲ್ಲೋ ಜಮೀನಿನ ಕಾಗದದಲ್ಲೋ ಇರುವ ತಂದೆಯ ಅಥವಾ ಅಜ್ಜನ ಹೆಸರಿಗೆ ತನ್ನನ್ನು ಜೋಡಿಸಿ ತೋರಿಸಿ.

ಹೆಂಗಸರು ಸೋಲುವುದು ಈ ಜೋಡಣೆಯಲ್ಲಿ. ಅಲ್ಲಿಯ ಬಂಗಾಳಿ ಮುಸ್ಲಿಮರಲ್ಲಿ ಹುಡುಗಿಯಾಗಿದ್ದಾಗ ಹೆಸರಿನ ಮುಂದೆ 'ಖಾತೂನ್', ಮದುವೆಯಾದರೆ 'ಬೀಬಿ', ವಿಧವೆಯಾದರೆ 'ಬೇವಾ'. ಹೆಣ್ಣೊಬ್ಬಳೇ, ಕಾಗದದ ಮೇಲೆ ಮೂವರು! ಶಾಲೆಗೆ ಹೋಗದವಳಿಗೆ ಶಾಲೆಯ ಸರ್ಟಿಫಿಕೇಟ್ ಇಲ್ಲ. ಮನೆಯಲ್ಲಿ ಹುಟ್ಟಿದವಳಿಗೆ ಜನನ ಪತ್ರ ಇಲ್ಲ. ಹದಿನೈದು ಹದಿನಾರಕ್ಕೆ ಮದುವೆಯಾಗಿ ಬೇರೆ ಊರಿಗೆ ಹೋದವಳ ಹೆಸರು ಮತದಾರರ ಪಟ್ಟಿಗೆ ಮೊದಲ ಸಲ ಸೇರುವುದು ಗಂಡನ ಹೆಸರಿನ ಜೊತೆ, ತಂದೆಯ ಜೊತೆಗಲ್ಲ. ಇಂಥವರಿಗೆ ತವರಿನ ಗ್ರಾಮ ಪಂಚಾಯತ್ ಕಾರ್ಯದರ್ಶಿ ಕೊಡುವ ಪತ್ರವೇ ಆಧಾರವಾಗಿತ್ತು. ಗುವಾಹಟಿ ಹೈಕೋರ್ಟ್ ಅದು ನಡೆಯದು ಎಂದಿತು. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪರಿಶೀಲಿಸಿ ಸ್ವೀಕರಿಸಬಹುದು ಎಂದು ಅದನ್ನು ಉಳಿಸಿಕೊಟ್ಟಿತು. ನಮ್ಮ ಮನೆಗಳಲ್ಲೇ ನೋಡಿ, ರೇಶನ್ ಕಾರ್ಡಿನಲ್ಲಿ 'ಬೀಬಿ', ಆಧಾರ್‌ನಲ್ಲಿ 'ಬಾನು', ನಿಕಾಹ್ ಪತ್ರದಲ್ಲಿ ಎರಡೂ ಇಲ್ಲ ಎಂಬಂಥವರು ಎಷ್ಟು ಮಂದಿಯಿಲ್ಲ? ಅಸ್ಸಾಮಿನಲ್ಲಿ ಇಂಥ ಒಂದು ಅಕ್ಷರದ ವ್ಯತ್ಯಾಸಕ್ಕೆ ಜನ ವಿದೇಶೀಯರಾಗಿದ್ದಾರೆ. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್, ಹೆಸರು ಮತ್ತು ವಯಸ್ಸಿನ ಸಣ್ಣಪುಟ್ಟ ವ್ಯತ್ಯಾಸಗಳನ್ನು ಹಿಡಿದು ಒಬ್ಬರನ್ನು ವಿದೇಶಿ ಎನ್ನುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಯಾರ ಪ್ರಕರಣದಲ್ಲಿ ಆ ತೀರ್ಪು ಬಂತೋ ಅವರು ಅಷ್ಟರಲ್ಲಿ ತೀರಿಕೊಂಡಿದ್ದರು.

ಈ ಕೇಂದ್ರಗಳ ಒಳಗೆ ಏನು ನಡೆಯುತ್ತದೆ ಎಂಬುದು ಹೊರಗಿನವರಿಗೆ ಬಹುಕಾಲ ತಿಳಿದಿರಲಿಲ್ಲ. 2018ರ ಜನವರಿಯಲ್ಲಿ ರಾಷ್ಟ್ರೀಯ ಮಾನವ ಹಕ್ಕು ಆಯೋಗದ ಪರವಾಗಿ ಹರ್ಷ ಮಂದರ್ ಗೋಲ್ಪಾರಾ ಮತ್ತು ಕೊಕ್ರಝಾರ್‌ಗೆ ಹೋದರು. ಗಂಡ ಒಂದು ಜೈಲಿನಲ್ಲಿ, ಹೆಂಡತಿ ಇನ್ನೊಂದು ಜಿಲ್ಲೆಯ ಜೈಲಿನಲ್ಲಿ. ಆರು ವರ್ಷ ದಾಟಿದ ಗಂಡುಮಗುವಿಗೆ ತಾಯಿಯ ಜೊತೆ ಇರಲು ಅವಕಾಶವಿಲ್ಲ. ಕೊಲೆಗಾರನಿಗೂ ಪೆರೋಲ್ ಉಂಟು, ಇವರಿಗೆ ತಂದೆ ತಾಯಿ ತೀರಿಕೊಂಡರೂ ಇಲ್ಲ. ಅವರು ವರದಿ ಕೊಟ್ಟರು. ಆಯೋಗ ಅದರ ಮೇಲೆ ಕ್ರಮ ಕೈಗೊಳ್ಳಲಿಲ್ಲವೆಂದು ತಮ್ಮ ಹೊಣೆಯನ್ನೂ ಬಿಟ್ಟು ಹೊರಬಂದರು.

ನಂತರ ಒಂದು ಅಂಕಿ ಹುಟ್ಟಿತು. 2019ರ ಮೇ 10ರಂದು ಸುಪ್ರೀಂ ಕೋರ್ಟ್, ಅಸ್ಸಾಮಿನ ಬಂಧನ ಕೇಂದ್ರಗಳಲ್ಲಿ ಮೂರು ವರ್ಷ ಪೂರೈಸಿದವರನ್ನು ಷರತ್ತಿನ ಮೇಲೆ ಬಿಡಬಹುದು ಎಂದಿತು. ಮೂರು ವರ್ಷ ಏಕೆ? ಎರಡೇಕಲ್ಲ, ಆರು ತಿಂಗಳೇಕಲ್ಲ? ಅದು ಹೋಗಲಿ. ಏನೂ ಇಲ್ಲದಲ್ಲಿ ಒಂದು ಗಡಿ ಬಂತಲ್ಲ ಎಂದು ಬಹಳ ಮಂದಿ ನಿಟ್ಟುಸಿರು ಬಿಟ್ಟರು. ಆದರೆ ಷರತ್ತುಗಳನ್ನು ಕೇಳಿ: ತಲಾ ಒಂದು ಲಕ್ಷ ರೂಪಾಯಿಯ ಇಬ್ಬರು ಭಾರತೀಯ ಜಾಮೀನುದಾರರು, ಕಣ್ಣು ಮತ್ತು ಬೆರಳಿನ ಗುರುತು, ವಾರಕ್ಕೊಮ್ಮೆ ಠಾಣೆಯಲ್ಲಿ ಹಾಜರಿ. ದಿನಗೂಲಿ ಮಾಡುವವನಿಗೆ ಲಕ್ಷ ರೂಪಾಯಿಯ ಜಾಮೀನು ಕೊಡುವವರು ಯಾರು? 2020ರ ಏಪ್ರಿಲ್ 13ರಂದು, ಕೊರೋನಾ ಕಾಲದಲ್ಲಿ, ಅದೇ ನ್ಯಾಯಾಲಯ ಮೂರನ್ನು ಎರಡು ವರ್ಷಕ್ಕೆ, ಲಕ್ಷವನ್ನು ಐದು ಸಾವಿರಕ್ಕೆ ಇಳಿಸಿತು. ಬಾಗಿಲು ನಿಜವಾಗಿ ತೆರೆದದ್ದು ಆಗ.

ಆ ಎರಡು ದಿನಾಂಕಗಳ ನಡುವೆ, 2019ರ ಅಕ್ಟೋಬರ್‌ನಲ್ಲಿ, ಶೋಣಿತಪುರ ಜಿಲ್ಲೆಯ ಒಬ್ಬ ಹಿಂದೂ ವೃದ್ಧ ಬಂಧನದಲ್ಲಿರುವಾಗಲೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೆಯವರು ಹಲವು ದಿನ ಶವವನ್ನು ಪಡೆಯಲಿಲ್ಲ. ಅವರು ಬಾಂಗ್ಲಾದೇಶದವರೆಂದಾದರೆ ಶವವನ್ನೂ ಅಲ್ಲಿಗೇ ಕಳುಹಿಸಿ, ಇಲ್ಲವೇ ಭಾರತೀಯನೆಂದು ಬರೆದುಕೊಡಿ ಎಂಬುದು ಅವರ ಹಠವಾಗಿತ್ತು. ಇದು ಮುಸ್ಲಿಮರ ಸಮಸ್ಯೆ ಮಾತ್ರ ಎಂದು ತಿಳಿದವರು ಈ ಮನೆಯನ್ನು ನೆನಪಿಟ್ಟುಕೊಳ್ಳಬೇಕು.

2023ರ ಜನವರಿಯಿಂದ ಜೈಲುಗಳಲ್ಲಿದ್ದವರನ್ನು ಗೋಲ್ಪಾರಾ ಜಿಲ್ಲೆಯ ಮಾಟಿಯಾದಲ್ಲಿ ಮೂರು ಸಾವಿರ ಮಂದಿಗೆಂದು ಕಟ್ಟಿದ ಕೇಂದ್ರಕ್ಕೆ ಸಾಗಿಸತೊಡಗಿದರು. ಇಟ್ಟ ಹೆಸರು 'ಟ್ರಾನ್ಸಿಟ್ ಕ್ಯಾಂಪ್'. ಟ್ರಾನ್ಸಿಟ್ ಎಂದರೆ ದಾರಿಯಲ್ಲಿ ತಂಗುವ ಜಾಗ ತಾನೇ? 2025ರ ಫೆಬ್ರವರಿ 4ರಂದು ಸುಪ್ರೀಂ ಕೋರ್ಟ್ ಅಲ್ಲಿದ್ದ 63 ಮಂದಿಯ ಬಗ್ಗೆ ಅಸ್ಸಾಂ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ಕಳುಹಿಸುವುದಕ್ಕೆ ಮುಹೂರ್ತ ನೋಡುತ್ತಿದ್ದೀರಾ ಎಂಬ ಧಾಟಿಯಲ್ಲಿ ನ್ಯಾಯಮೂರ್ತಿಗಳು ಕೇಳಿದರು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಕೊಡುವ ಸಂವಿಧಾನದ 21ನೇ ವಿಧಿ ವಿದೇಶೀಯರಿಗೂ ಅನ್ವಯಿಸುತ್ತದೆ, ಯಾರನ್ನೂ ಕೊನೆಯಿಲ್ಲದೆ ಕೂಡಿಡುವಂತಿಲ್ಲ ಎಂದರು. ಸರಕಾರದ ಉತ್ತರ ಏನಿತ್ತು ಗೊತ್ತೇ? ಆ ದೇಶದಲ್ಲಿ ಅವರ ವಿಳಾಸ ಗೊತ್ತಿಲ್ಲ. ಅಲ್ಲ ಸಹೋದರಿಯರೇ, ನಾನು ಇದೇ ನೆಲದವನು ಎಂದು ಮಂಡಳಿಯ ಮುಂದೆ ಹೇಳುತ್ತಾ ಬಂದವನು ಬೇರೆ ದೇಶದ ವಿಳಾಸವನ್ನು ಎಲ್ಲಿಂದ ತಂದು ಕೊಟ್ಟಾನು?

ಹೀಗೆ ಸಿಕ್ಕಿಕೊಂಡವರು ನಮ್ಮಲ್ಲಿ ಮಾತ್ರವಲ್ಲ. ಅಹ್ಮದ್ ಅಲ್-ಕಾತಿಬ್ ಎಂಬವರು ಕುವೈತ್‌ನಲ್ಲಿ ಹುಟ್ಟಿದ ಫೆಲೆಸ್ತೀನಿ. ಕುವೈತ್ ಪೌರತ್ವ ಕೊಡಲಿಲ್ಲ, ಫೆಲೆಸ್ತೀನಿಗೆ ಪಾಸ್‌ಪೋರ್ಟಿನ ಬಲವಿಲ್ಲ. 2000ದ ಕೊನೆಯಲ್ಲಿ ದೋಣಿಯಲ್ಲಿ ಆಸ್ಟ್ರೇಲಿಯಾ ತಲುಪಿದ ಅವರನ್ನು ಹಿಡಿದು ಕೇಂದ್ರದಲ್ಲಿಟ್ಟರು. ಆಶ್ರಯದ ಅರ್ಜಿ ತಿರಸ್ಕೃತವಾದಾಗ ಅವರೇ, ನನ್ನನ್ನು ವಾಪಸ್ ಕಳುಹಿಸಿ, ಸಾಕು ಎಂದು ಬರೆದುಕೊಟ್ಟರು. ಕಳುಹಿಸುವುದು ಎಲ್ಲಿಗೆ? ಯಾವ ದೇಶವೂ ಒಪ್ಪಲಿಲ್ಲ. 2004ರ ಆಗಸ್ಟ್‌ನಲ್ಲಿ ಅಲ್ಲಿಯ ಅತ್ಯುನ್ನತ ನ್ಯಾಯಾಲಯದ ಏಳು ಮಂದಿಯಲ್ಲಿ ನಾಲ್ವರು, ಕಾನೂನಿನಲ್ಲಿ ಮಿತಿ ಇಲ್ಲ, ಹಾಗಾಗಿ ಎಷ್ಟು ಕಾಲವಾದರೂ ಇಡಬಹುದು ಎಂದುಬಿಟ್ಟರು. ಹೊರಗೆ ಜನಾಭಿಪ್ರಾಯ ಎದ್ದದ್ದರಿಂದ ಸರಕಾರವೇ ಅವರಿಗೆ ವೀಸಾ ಕೊಟ್ಟಿತು ಎಂಬುದು ಬೇರೆ ಮಾತು. ತೀರ್ಪು ಮಾತ್ರ ಹತ್ತೊಂಬತ್ತು ವರ್ಷ ಹಾಗೆಯೇ ನಿಂತಿತು. 2023ರ ನವೆಂಬರ್ 8ರಂದು ಅದೇ ನ್ಯಾಯಾಲಯ ತನ್ನ ಹಳೆಯ ತೀರ್ಪನ್ನು ತಾನೇ ಬದಿಗೆ ಸರಿಸಿತು. ಈ ಸಲ ಮುಂದಿದ್ದವನು ದೇಶವಿಲ್ಲದ ಒಬ್ಬ ರೋಹಿಂಗ್ಯಾ. ಅವನೇನೂ ಒಳ್ಳೆಯವನಲ್ಲ, ಮಗುವಿನ ಮೇಲೆ ದೌರ್ಜನ್ಯ ಎಸಗಿ ಶಿಕ್ಷೆ ಅನುಭವಿಸಿದವನು. ಆದರೆ ಶಿಕ್ಷೆ ಮುಗಿದಿತ್ತು. ಹತ್ತಿರದ ಭವಿಷ್ಯದಲ್ಲಿ ಕಳುಹಿಸುವ ನಿಜವಾದ ದಾರಿ ಇಲ್ಲವೆಂದಾದರೆ ಮುಂದಿನ ಸೆರೆ ಶಿಕ್ಷೆಯೇ ಆಗುತ್ತದೆ, ಶಿಕ್ಷೆ ಕೊಡುವ ಅಧಿಕಾರ ನ್ಯಾಯಾಲಯಕ್ಕೆ ಹೊರತು ಅಧಿಕಾರಿಗಳಿಗಿಲ್ಲ ಎಂದು ತೀರ್ಮಾನವಾಯಿತು. ಅವನ ಜೊತೆಗೆ ನೂರಕ್ಕೂ ಹೆಚ್ಚು ಮಂದಿ ಹೊರಬಂದರು. ಅಲ್ಲಿಯ ಜನರಿಗೆ ಅದು ಹಿಡಿಸಲಿಲ್ಲ, ಗದ್ದಲವಾಯಿತು. ನನ್ನ ಅಭಿಪ್ರಾಯ ಕೇಳಿದರೆ, ನಿಯಮದ ಪರೀಕ್ಷೆಯಾಗುವುದು ಇಂಥವನ ವಿಷಯದಲ್ಲೇ. ಸಜ್ಜನರಿಗೆ ಮಾತ್ರ ಅನ್ವಯಿಸುವ ಮಿತಿ ಅಧಿಕಾರಿಯ ಮರ್ಜಿಗೆ ಬಿಟ್ಟದ್ದಾಗುತ್ತದೆ.

ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲೇ ಆರು ತಿಂಗಳು ಎಂಬ ಅಳತೆಗೋಲು ಇಟ್ಟಿತ್ತು. ಗಡಿಪಾರಿನ ಆದೇಶವಾಗಿ ಆರು ತಿಂಗಳು ಕಳೆದರೂ ಕಳುಹಿಸುವ ಲಕ್ಷಣ ಕಾಣದಿದ್ದರೆ ಹಿಡಿದಿಟ್ಟದ್ದಕ್ಕೆ ಸರಕಾರ ಕಾರಣ ಕೊಡಬೇಕು. ಆ ಪ್ರಕರಣದ ಮನುಷ್ಯ ಎರಡನೇ ಮಹಾಯುದ್ಧದ ನಂತರ ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿ ಲಿಥುವೇನಿಯಾದ ತಂದೆ ತಾಯಿಗೆ ಹುಟ್ಟಿದವನು. ಜರ್ಮನಿಯೂ ಲಿಥುವೇನಿಯಾವೂ ಬೇಡ ಎಂದಿದ್ದವು. ಯುರೋಪಿಯನ್ ಒಕ್ಕೂಟ 2008ರಲ್ಲಿ ಆರು ತಿಂಗಳು, ವಿಶೇಷ ಸಂದರ್ಭದಲ್ಲಿ ಒಟ್ಟು 18 ತಿಂಗಳು ಎಂದು ಗೊತ್ತು ಮಾಡಿತು. 2025ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸುವ ಪ್ರಸ್ತಾಪ ಅಲ್ಲಿ ಬಂತು. ಬ್ರಿಟನ್ ಅಂಕಿಯನ್ನೇ ಇಡಲಿಲ್ಲ. ಅಲ್ಲಿ ನ್ಯಾಯಾಲಯಗಳು ನೋಡುವುದು 1983ರ ಒಂದು ತೀರ್ಪನ್ನು. ಸರಕಾರ ತಡಮಾಡದೆ ಕೆಲಸ ಮಾಡಬೇಕು, ಸಮಂಜಸವಾದ ಅವಧಿ ಮೀರಬಾರದು ಎಂಬ ಆ ತತ್ವಕ್ಕೆ ಒಬ್ಬ ಭಾರತೀಯನ ಹೆಸರಿದೆ! ಡರ್ಹ್ಯಾಮ್ ಜೈಲಿನಲ್ಲಿ ಗಡಿಪಾರಿಗಾಗಿ ಕಾಯುತ್ತಿದ್ದ ಹರ್ದಿಯಾಲ್ ಸಿಂಗ್ ಅವನು.

ನಮ್ಮ ದೇಶಕ್ಕೆ ಮರಳೋಣ. ಅಸ್ಸಾಮಿನ ಎರಡು ವರ್ಷದ ಆದೇಶ ಅಸ್ಸಾಮಿಗೆ ಮಾತ್ರ. ಜಮ್ಮುವಿನ ಬಳಿಯ ಹೀರಾನಗರದ ಜೈಲನ್ನು 2021ರ ಮಾರ್ಚ್‌ನಲ್ಲಿ ಬಂಧನ ಕೇಂದ್ರವಾಗಿಸಿ ನೂರೈವತ್ತಕ್ಕೂ ಹೆಚ್ಚು ರೋಹಿಂಗ್ಯಾರನ್ನು ಅಲ್ಲಿಟ್ಟರು. ವಿಧಿವಿಧಾನ ಪಾಲಿಸದೆ ಗಡಿಪಾರು ಮಾಡಬಾರದು ಎಂದು ಸುಪ್ರೀಂ ಕೋರ್ಟ್ ಮರುತಿಂಗಳು ಹೇಳಿತು, ಆದರೆ ಬಿಡುಗಡೆಗೆ ಒಪ್ಪಲಿಲ್ಲ. ಎರಡು ವರ್ಷ ದಾಟಿದ ಮೇಲೆ, 2023ರ ಜುಲೈಯಲ್ಲಿ, ಒಳಗಿದ್ದವರು ನಮ್ಮನ್ನು ಬಿಡಿ ಎಂದು ಪ್ರತಿಭಟಿಸಿದರು. ಸಿಕ್ಕಿದ್ದು ಅಶ್ರುವಾಯು.

1946ರ ವಿದೇಶೀಯರ ಕಾಯ್ದೆಯಲ್ಲಿ ಬಂಧನದ ಗರಿಷ್ಠ ಅವಧಿ ಇರಲಿಲ್ಲ. ಅದು ಬ್ರಿಟಿಷರು ಬಿಟ್ಟುಹೋದ ಕಾಯ್ದೆ, ಇರಲಿ ಎನ್ನಬಹುದಿತ್ತು. ಅದರ ಬದಲಿಗೆ ತಂದ ಹೊಸ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಾಯಿತು. ವೀಸಾ ಅವಧಿ ಮೀರಿ ಉಳಿದರೆ ಮೂರು ವರ್ಷದವರೆಗೆ ಜೈಲು, ಮೂರು ಲಕ್ಷದವರೆಗೆ ದಂಡ. ಪಾಸ್‌ಪೋರ್ಟ್ ಇಲ್ಲದೆ ಒಳಬಂದರೆ ಐದು ವರ್ಷ, ಐದು ಲಕ್ಷ. ಶಿಕ್ಷೆಗೆಲ್ಲ ಲೆಕ್ಕವಿದೆ. ಶಿಕ್ಷೆ ಮುಗಿಸಿ ವಿಮಾನಕ್ಕಾಗಿ ಕಾಯುವ ಸೆರೆಗೆ ಮಾತ್ರ ಇಷ್ಟೇ ದಿನ ಎಂದು ಅದರಲ್ಲೂ ಬರೆದಿಲ್ಲ. ಬೆಂಗಳೂರಿನ ಹೊರಗೆ, ನೆಲಮಂಗಲದ ಸೊಂಡೆಕೊಪ್ಪದಲ್ಲಿ, ಹಿಂದೆ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆಗಿದ್ದ ಕಟ್ಟಡವನ್ನು ವಿದೇಶೀಯರ ಬಂಧನ ಕೇಂದ್ರ ಮಾಡಿದ್ದಾರೆ. ಆದ್ದರಿಂದ ಇದು ದೂರದ ಅಸ್ಸಾಮಿನ ವಿಷಯ ಎಂದು ನಾವು ಸುಮ್ಮನಿರುವ ಹಾಗಿಲ್ಲ.

ಹಾಗಾದರೆ ಬೇಗ ಬೇಗ ಕಳುಹಿಸಿಬಿಟ್ಟರೆ ಸರಿಯಾಯಿತಲ್ಲ ಎನ್ನುವವರಿದ್ದಾರೆ. 2025ರಲ್ಲಿ ನಡೆದದ್ದು ಅದೇ. ಆ ವರ್ಷದ ಮೇ ತಿಂಗಳಲ್ಲಿ ಅನುಮಾನ ಬಂದವರ ದಾಖಲೆಯನ್ನು 30 ದಿನಗಳೊಳಗೆ ಪರಿಶೀಲಿಸಿ ಎಂದು ಕೇಂದ್ರ ಗೃಹ ಇಲಾಖೆ ರಾಜ್ಯಗಳಿಗೆ ಹೇಳಿತು. ಜೂನ್‌ನಲ್ಲಿ ದೆಹಲಿ ಪೊಲೀಸರು ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಒಬ್ಬ ಗರ್ಭಿಣಿಯನ್ನು, ಆಕೆಯ ಗಂಡ ಮತ್ತು ಎಂಟು ವರ್ಷದ ಮಗನೊಂದಿಗೆ ಹಿಡಿದರು. ಮೂವತ್ತು ದಿನ ಯಾರೂ ಕಾಯಲಿಲ್ಲ. ಜೂನ್ 26ಕ್ಕೆ ಗಡಿ ದಾಟಿಸಿ ಬಾಂಗ್ಲಾದೇಶದೊಳಕ್ಕೆ ತಳ್ಳಿ ಆಗಿತ್ತು. ಅಲ್ಲಿಯ ಪೊಲೀಸರು 'ನೀವು ಭಾರತದವರು, ಅಕ್ರಮವಾಗಿ ಬಂದಿದ್ದೀರಿ' ಎಂದು ಜೈಲಿಗೆ ಹಾಕಿದರು! ಸೆಪ್ಟೆಂಬರ್ 26ರಂದು ಕಲ್ಕತ್ತಾ ಹೈಕೋರ್ಟ್ ನಾಲ್ಕು ವಾರದಲ್ಲಿ ಕರೆತನ್ನಿ ಎಂದು ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಆಕೆ ಮತ್ತು ಮಗ ಮರಳಿ ಭಾರತದ ನೆಲ ಮುಟ್ಟಿದ್ದು ಡಿಸೆಂಬರ್ 5ರಂದು. ಅಷ್ಟರಲ್ಲಿ ಆಕೆಗೆ ದಿನ ತುಂಬುತ್ತಾ ಬಂದಿತ್ತು. ಗಂಡ ಆಗಲೂ ಆಚೆಯೇ ಉಳಿದಿದ್ದ.

ಅಸ್ಸಾಮಿನಲ್ಲೂ ಆ ಮೇ ತಿಂಗಳಲ್ಲಿ, ಹಿಂದೆ ಬಂಧನ ಕೇಂದ್ರದಲ್ಲಿದ್ದು ಜಾಮೀನಿನ ಮೇಲೆ ಬಂದವರನ್ನೇ ಪುನಃ ಹಿಡಿದು ರಾತ್ರೋರಾತ್ರಿ ಗಡಿಯಾಚೆ ನೂಕಿದರು. ಮೋರಿಗಾಂವ್ ಜಿಲ್ಲೆಯ ಒಬ್ಬ ಮಾಜಿ ಶಾಲಾ ಶಿಕ್ಷಕರೂ ಅವರಲ್ಲಿದ್ದರು. ಸುಪ್ರೀಂ ಕೋರ್ಟಿನಲ್ಲಿ ಅವರ ಮೇಲ್ಮನವಿ ಇತ್ಯರ್ಥವಾಗಿರಲಿಲ್ಲ. ಕೆಲವು ದಿನಗಳ ನಂತರ ಅವರನ್ನು ಮರಳಿ ತಂದರು. ಮಕ್ಕಳಿಗೆ ಅಕ್ಷರ ಕಲಿಸಿದ ಮನುಷ್ಯ ಎರಡು ದೇಶಗಳ ನಡುವಿನ ಗದ್ದೆಯಲ್ಲಿ ನಿಂತದ್ದನ್ನು ಯೋಚಿಸಿದರೆ, ಅದೇ ಕಸುಬಿನವಳಾದ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹಿಡಿದಿಡಲು ಒಂದು ಮೇಲ್ಮಿತಿ ಬೇಕಾದಂತೆ, ಕಳುಹಿಸುವ ಮೊದಲು ಆತನ ಮಾತು ಕೇಳಲು ಒಂದು ಕೆಳಮಿತಿಯೂ ಬೇಕು. ಒಂದೇ ಇದ್ದು ಇನ್ನೊಂದು ಇಲ್ಲದಿದ್ದರೆ ಹೀಗಾಗುತ್ತದೆ.

ಕೊನೆಗೆ ನಮ್ಮ ಮನೆಗಳ ಮಾತು. ಕರಾವಳಿಯಲ್ಲಿ ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಮನೆ ಕಡಿಮೆ. ಇಕಾಮಾ ಮುಗಿದವರು, ಕಫೀಲ್ ಜೊತೆ ಜಗಳವಾಗಿ 'ಹುರೂಬ್' ಹಾಕಿಸಿಕೊಂಡವರು, ಪಾಸ್‌ಪೋರ್ಟ್ ಮಾಲಕನ ಕೈಯಲ್ಲಿ ಬಿಟ್ಟು ಓಡಿಬಂದವರು ಸಿಕ್ಕಿಬಿದ್ದರೆ ಹೋಗುವುದು ತರ್ಹೀಲ್‌ಗೆ. ಅಲ್ಲಿಯೂ ಕಾಯಿಸುವುದು ಹೆಚ್ಚಾಗಿ ಕಾಗದವೇ. ಪಾಸ್‌ಪೋರ್ಟ್ ಇಲ್ಲದವನಿಗೆ ನಮ್ಮ ರಾಯಭಾರ ಕಚೇರಿ ತುರ್ತು ಪ್ರಯಾಣ ಪತ್ರ ಕೊಡಬೇಕು, ನಮ್ಮವರು ಔಟ್‌ಪಾಸ್ ಎನ್ನುವುದು ಅದನ್ನೇ. ಇವನು ಭಾರತೀಯ ಎಂಬುದಕ್ಕೆ ಏನಾದರೂ ಆಧಾರ ಕೈಗೆ ಸಿಕ್ಕಿದರೆ ಅದು ಬೇಗ ಆಗುತ್ತದೆ. ನನ್ನ ಒಬ್ಬಳು ವಿದ್ಯಾರ್ಥಿನಿಯ ತಂದೆ ಹೀಗೆ ಮೂರು ತಿಂಗಳು ಒಳಗಿದ್ದರು. ಯಾವ ದೇಶ ಎಂದು ಹೇಳುವುದು ಬೇಡ. ಮನೆಯಲ್ಲಿ ಅವರ ಪಾಸ್‌ಪೋರ್ಟಿನ ಒಂದು ಝೆರಾಕ್ಸ್ ಕೂಡ ಇರಲಿಲ್ಲ, ನಂಬರ್ ಯಾರಿಗೂ ಗೊತ್ತಿರಲಿಲ್ಲ. ಕಡೆಗೆ ಹಳೆಯ ಬ್ಯಾಂಕ್ ಅರ್ಜಿಯೊಂದರ ಹಿಂದೆ ಪಿನ್ ಮಾಡಿದ್ದ ನಕಲು ಸಿಕ್ಕಿ ಕೆಲಸ ಮುಂದೆ ಹೋಯಿತು.

ಆದ್ದರಿಂದ ಗಂಡ, ಮಗ, ಅಣ್ಣ ತಮ್ಮ ಯಾರೇ ಹೊರದೇಶದಲ್ಲಿದ್ದರೂ ಅವರ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಇಕಾಮಾ, ಕೆಲಸದ ಕರಾರು ಪತ್ರ ಇವುಗಳ ನಕಲು ನಿಮ್ಮ ಬಳಿ ಇರಲಿ. ಕಫೀಲ್‌ನ ಹೆಸರು ಮತ್ತು ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಸಿಕ್ಕಿಬಿದ್ದ ಸುದ್ದಿ ಬಂದ ದಿನವೇ ತಾರೀಖು ಬರೆದಿಡಿ. ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ಮಕ್ಕಳಿಗೆ ಹೇಳಿದರೆ ಮಾಡಿಕೊಡುತ್ತಾರೆ. ದೂರಿನ ನಂಬರನ್ನು ಅದೇ ಚೀಟಿಯಲ್ಲಿ ಬರೆಯಿರಿ. ಅಲ್ಲಿಂದ ಪ್ರತಿ ವಾರ ಕೇಳುತ್ತಿರಿ: ಔಟ್‌ಪಾಸ್ ಆಯಿತೇ, ಆಗದಿದ್ದರೆ ಯಾವ ಕಾಗದ ಬಾಕಿ, ಅದು ಯಾರ ಮೇಜಿನ ಮೇಲಿದೆ.